ಒಂದೇ ಸಾಕು

ಏಪ್ರಿಲಿನ ಎರಡನೇ ಶನಿವಾರ, ಅಂಗಡಿಯ ಶಟರ್ ಎತ್ತುವಾಗಲೇ
ಎರಡು ವರ್ಷ ಹಳೆಯ ರಸೀದಿ ಹಿಡಿದು ನಿಂತಿದ್ದಳು.
ಮಡಿಕೆಯಲ್ಲಿ ಅಕ್ಷರ ಮಾಸಿದ್ದವು, ಬೆಲೆ ಮಾತ್ರ ಉಳಿದಿತ್ತು.
"ಕಾಯಿ ಬಿಡಲಿಲ್ಲ" ಅಂದಳು.
ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

ನನಗೆ ನೆನಪಿತ್ತು. ಮರೆತವನಂತೆ ರಸೀದಿ ತಿರುಗಿಸಿ ನೋಡಿದೆ.
ಬ್ಲೂಬೆರಿ, ಮೊಲಗಣ್ಣು ಜಾತಿ, ಟಿಫ್‌ಬ್ಲೂ, ಕುಂಡ ಒಂದು.
ಆಗಿನ್ನೂ ಒಂದನೇ ತರಗತಿಯ ಹಳದಿ ಟೋಪಿ.
ನಾಣ್ಯಗಳನ್ನು ಒಂದೊಂದೇ ತಟ್ಟೆಗೆ ಇಳಿಸುತ್ತ
"ಇದಕ್ಕೆ ಜೊತೆ ಬೇಕಾ?" ಎಂದು ಕೇಳಿದ್ದಳು.
ತಟ್ಟೆಯಲ್ಲಿದ್ದದ್ದು ಒಂದರ ದುಡ್ಡು.
ಬೇಕು ಅಂದರೆ ಒಂದೂ ಹೋಗುವುದಿಲ್ಲ,
ಕುರಾಮೋಚಿಯವರ ನರ್ಸರಿಯಲ್ಲಿ ನಾನು ಮೊದಲು ಕಲಿತ ಪಾಠ.
ಒಂದೇ ಸಾಕು, ಅಂದಿದ್ದೆ.
ಅದೂ ಕೊದೈರಾದಲ್ಲಿ,
ಈ ಗಿಡಕ್ಕೇ ಹೆಸರಾದ ಊರಿನಲ್ಲಿ.

ಚೀಲದ ಮೇಲೆ ಸುಜುನೆ ಎಂದು ಹೆಸರು.
ನೋಟ್‌ಬುಕ್ ತೆಗೆದು ಓದಿದಳು, ಪೊಲೀಸರ ಮುಂದೆ ಓದುವಂತೆ:
ಕನುಮಾದ ಹುಳಿಮಣ್ಣು ಹಾಕಿದ್ದೇನೆ.
ನಲ್ಲಿನೀರು ಬೇಡವೆಂದು ಅಕ್ಕಿ ತೊಳೆಯುವ ಬೋಗುಣಿಯಲ್ಲಿ
ಮಳೆ ಹಿಡಿದಿದ್ದೇನೆ.
ನಾಲ್ಕನೇ ಮಹಡಿ, ದಕ್ಷಿಣದ ಬಾಲ್ಕನಿ,
ಹಾಸಿಗೆ ಒಣಹಾಕುವ ಸರಳಿನ ಕೆಳಗೆ.
ಹೋದ ವರ್ಷ ನಲವತ್ತೊಂದು ಗೊಂಚಲು ಹೂ.
ಅಜ್ಜಿಯ ಹುಬ್ಬಿನ ಕುಂಚದಿಂದ ಹೂವಿನಿಂದ ಹೂವಿಗೆ ಸವರಿದೆ.
ನಾಲ್ಕು ನಿಂತವು. ಮೂರು ಉದುರಿದವು.
ಉಳಿದ ಒಂದು ಮೊಲದ ಕಣ್ಣಿನಂತೆ ಕೆಂಪಗಾಗಿ
ನೀಲಿಗೆ ತಿರುಗಿದ ಬೆಳಿಗ್ಗೆ ಪಿಕಳಾರ ಬಂದು ನುಂಗಿತು.
"ನನ್ನ ಕಣ್ಣೆದುರೇ" ಅಂದಳು,
ಅದಕ್ಕೂ ನಾನೇ ಹೊಣೆ ಎಂಬಂತೆ.

ಹೇಳಲೇಬೇಕಾಯಿತು.
ಆ ಹೂವು ತಲೆಕೆಳಗಾದ ಪುಟ್ಟ ಹೂಜಿ.
ಪರಾಗ ಇದೆ, ಅದನ್ನು ಹಿಡಿಯುವ ಅಂಟಿದೆ,
ಎಲ್ಲ ಒಂದೇ ಸೂರಿನಡಿ.
ಆದರೂ ತನ್ನದು ತನಗೆ ಹತ್ತುವುದಿಲ್ಲ.
ಅದೇ ಜಾತಿ, ಬೇರೆ ತಳಿ, ಅಂಥ ಗಿಡದಿಂದ ಬರಬೇಕು.
ಟಿಫ್‌ಬ್ಲೂವನ್ನೇ ಹತ್ತು ಕುಂಡ ಇಟ್ಟರೂ ಇಟ್ಟದ್ದು ಒಂದೇ ಗಿಡ,
ಎಲ್ಲವೂ ಒಬ್ಬಳೇ ತಾಯಿಯ ಕಡ್ಡಿಗಳು.
"ಎಲ್ಲ ಬ್ಲೂಬೆರಿಯೂ ಹೀಗೇನಾ?"
ಇಲ್ಲ. ಚಳಿಸೀಮೆಯ ಕೆಲವು ಒಂಟಿಯಾಗಿಯೂ ಕಾಯಿ ಕಟ್ಟುತ್ತವೆ,
ಜೊತೆಯಿದ್ದರೆ ಇನ್ನೂ ದಪ್ಪ.
"ಹಾಗಾದರೆ ಅದನ್ನೇ ಕೊಡಬಹುದಿತ್ತು."
ಕೊಡಬಹುದಿತ್ತು.
ಇನ್ನೂರು ಯೆನ್ ಹೆಚ್ಚು, ನಿನ್ನ ಹತ್ತಿರ ಇರಲಿಲ್ಲ,
ಎನ್ನಲು ಬಾಯಿ ಬರಲಿಲ್ಲ.

ಇನ್ನೊಂದು ಗಿಡ ಸುಮ್ಮನೆ ಕೊಡುತ್ತೇನೆ ಅಂದೆ.
ಜಾಗವಿಲ್ಲವಂತೆ. ಬೆಂಕಿ ಬಿದ್ದಾಗ ಇಳಿಯುವ ಏಣಿಯ ಮುಚ್ಚಳ ಅಲ್ಲೇ ಇದೆ,
ಅದರ ಮೇಲೆ ಚಪ್ಪಲಿಯನ್ನೂ ಬಿಡುವಂತಿಲ್ಲ.

ಹೋಂಬೆಲ್ ಗಿಡದ ಬುಡದಲ್ಲಿ ಕೂತೆ.
ಮಾರುವ ಗಿಡ, ಕೈ ಒಂದು ಗಳಿಗೆ ಹಿಂದೆಗೆಯಿತು.
ತುಂಬ ಅರಳಿದ ಕೊಂಬೆಯನ್ನೇ ಕತ್ತರಿಸಿದೆ.
ಕಾಫಿಪುಡಿಯ ಖಾಲಿ ಬಾಟಲಿಗೆ ನೀರು ತುಂಬಿ ಅದರಲ್ಲಿಟ್ಟೆ.
ನಿನ್ನ ಕುಂಡಕ್ಕೆ ತಾಗಿಸಿ ಇಡು, ನಾಲ್ಕು ದಿನ ಬಾಡುವುದಿಲ್ಲ.
"ಅಷ್ಟು ಎತ್ತರಕ್ಕೆ ಯಾರು ಬರುತ್ತಾರೆ?"
ದುಂಬಿ.
"ಖಂಡಿತಾ?"
ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು
ಗೊತ್ತಿಲ್ಲ, ಅಂದೆ.
ಬಾರದಿದ್ದರೆ ಅಜ್ಜಿಯ ಕುಂಚ ಇದೆಯಲ್ಲ.

ಬಸ್ಸಿನಲ್ಲಿ ಯಾರೋ ಮುದುಕರು ಎದ್ದು ಜಾಗ ಬಿಟ್ಟರು,
ಅವಳಿಗಲ್ಲ, ಕೊಂಬೆಗೆ.

ಹೋಂಬೆಲ್ ಯಾಕೆ ಬೋಳಾಗಿದೆ ಎಂದು ಕುರಾಮೋಚಿಯವರು ಕೇಳಿದರು.
ಗಾಳಿ, ಅಂದೆ.
ಅವರು ಬಗ್ಗಿ, ಓರೆಯಾಗಿ ನುಣ್ಣಗೆ ಕತ್ತರಿಸಿದ ಗಾಯ ನೋಡಿ
"ಒಳ್ಳೆ ಕೈಪಳಗಿದ ಗಾಳಿ" ಎಂದು ಒಳಗೆ ಹೋದರು.
ಆಮೇಲೆ ಕೇಳಿದವರಿಗೆಲ್ಲ ಎರಡು ಬೇಕು ಅನ್ನುತ್ತ ಬಂದೆ.
ಜೂನಿನ ಹೊತ್ತಿಗೆ ಐದು ಮಂದಿ ಬರಿಗೈಲಿ ಹೋಗಿದ್ದರು.

ಆಗಸ್ಟಿನಲ್ಲಿ, ನನ್ನ ರಜೆಯ ದಿನ,
ಬಾಟಲಿ ಗಲ್ಲಾದ ಮೇಲೆ ಬಂದು ಕೂತಿತ್ತು.
ತೊಳೆದದ್ದು, ಚೀಟಿ ಕೂಡ ನೆನೆಸಿ ಕಿತ್ತದ್ದು.
ಒಳಗೆ ಅದೇ ರಸೀದಿ, ಹಿಂಬದಿಯಲ್ಲಿ ಪೆನ್ಸಿಲ್:
ದುಂಬಿ ಎರಡು ಸಲ. ಉಳಿದದ್ದು ಕುಂಚ.
ಒಟ್ಟು ನೂರಾ ಆರು.
ಪಿಕಳಾರಕ್ಕೆ ಒಂಬತ್ತು.
ಅಜ್ಜಿಗೆ ಹುಳಿಯಂತೆ.